ನಿಮ್ಮ ಮೆಟ್ಟಿಲ ಕೆಳಗೆ ನಮ್ಮ ಎತ್ತು

ವಸ್ತುಸಂಗ್ರಹಾಲಯದ ನಿರ್ದೇಶಕರ ಕುರ್ಚಿಯಲ್ಲಿ ಸದ್ಯಕ್ಕೆ ಯಾರು ಕೂತಿದ್ದೀರೋ ಆ ಮಾನ್ಯರೇ,

ನಿಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ, ಕೆಟ್ಟುಹೋದ ಫ್ಯಾನುಗಳು ಮತ್ತು ಹಳೆಯ ಬ್ಯಾನರುಗಳ ನಡುವೆ, ಒಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಕಲ್ಲಾಗಿ ಹೋಗಿರುವ ದೊಡ್ಡದೊಂದು ಮೂಳೆ ಇದೆ. ನಮ್ಮೂರಿನ ಹಳ್ಳದಿಂದ, ನನ್ನ ಅಪ್ಪನ ಕೈಯಿಂದ, ಪರೀಕ್ಷೆ ಮುಗಿದ ಕೂಡಲೇ ವಾಪಸ್ ತಂದುಕೊಡುತ್ತೇವೆ ಎಂದು ನಿಮ್ಮ ಕಚೇರಿಯವರು ಅದನ್ನು ತೆಗೆದುಕೊಂಡು ಹೋದರು. ಪರೀಕ್ಷೆ ಮುಗಿದು ವರ್ಷಗಳಾದವು, ಮೂಳೆ ಮಾತ್ರ ಬರಲಿಲ್ಲ. ನೀವು ಅದನ್ನು ಮಣ್ಣಿಗೂ ಬಿಡಲಿಲ್ಲ, ಗಾಜಿನೊಳಗಿಟ್ಟು ಜನರಿಗೂ ತೋರಿಸಲಿಲ್ಲ. ಇದರಿಂದ ನಮ್ಮ ಮನೆಯಲ್ಲಿ ಏನಾಗಿದೆ ಎಂದು ಅರ್ಜಿಗಳಲ್ಲಿ ಬರೆದು ನೋಡಿದೆ. ಅರ್ಜಿಗೆ ನಿಮ್ಮಲ್ಲಿ ಮುದ್ರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಹಾಗಾಗಿ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ದೊಡ್ಡದೇನಲ್ಲ. ಪಾವಗಡದಲ್ಲಿ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಹಬ್ಬಕ್ಕೆ ಕೊಡುತ್ತೇನೆಂದ ಬ್ಲೌಸು ಹಬ್ಬದ ಮಾರನೇ ದಿನ ಕೊಟ್ಟರೆ ನನ್ನ ಗಿರಾಕಿಗಳು ಬಾಗಿಲಲ್ಲಿ ನಿಂತು ನನ್ನ ಜನ್ಮ ಜಾಲಾಡುತ್ತಾರೆ. ಮಾತು ಕೊಟ್ಟ ಮೇಲೆ ಜಾಲಾಡಿಸಿಕೊಳ್ಳುವುದು ನ್ಯಾಯವೇ ಎಂದು ನಾನೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಸರ್ಕಾರಿ ಮಾತಿಗೆ ಈ ನಿಯಮ ಅನ್ವಯಿಸುವುದಿಲ್ಲವೇ? ಹಾಗಿದ್ದರೆ ಹೊರಗಡೆ ಒಂದು ಬೋರ್ಡು ಹಾಕಿಬಿಡಿ, ನಮ್ಮಂಥವರು ಮೊದಲೇ ಓದಿಕೊಂಡು ಬರುತ್ತೇವೆ.

ಅಪ್ಪ ಬೊಮ್ಮಪ್ಪ ಕಿಲಾರಿ. ದೇವರ ಎತ್ತುಗಳನ್ನು ಕಾಯುವವನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ದೇವರ ಹೆಸರಿಗೆ ಬಿಟ್ಟ ಈ ದನಗಳನ್ನು ಯಾರೂ ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಮುಳ್ಳುಬೇಲಿಯ ರೊಪ್ಪದಲ್ಲಿ ಅವು ಮಲಗುತ್ತವೆ. ಆ ರೊಪ್ಪದೊಳಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಹಾಗಿಲ್ಲ, ತಾವು ಬಂದರೂ ಅಷ್ಟೇ. ಅವುಗಳಲ್ಲಿ ಒಂದು ಸತ್ತರೆ ಮನೆಯ ಹಿರಿಯರು ಸತ್ತ ಲೆಕ್ಕ. ಹೊಸ ಬಟ್ಟೆ ಹೊದಿಸಿ, ಅರಿಶಿನ ಹಚ್ಚಿ, ಉರುಮೆ ಬಡಿಸಿಕೊಂಡು ಹೋಗಿ, ಹಳ್ಳದ ಪಕ್ಕದ ಎತ್ತಿನ ಗುಡ್ಡೆಯಲ್ಲಿ ಮಣ್ಣು ಮಾಡುತ್ತೇವೆ. ಸತ್ತ ಎತ್ತನ್ನು ಮುಟ್ಟಿದ ಕಿಲಾರಿಗೆ ಸೂತಕ. ಅದು ಮಣ್ಣಿನಡಿ ಸೇರುವವರೆಗೆ ಅವನು ರೊಪ್ಪಕ್ಕೆ ಕಾಲಿಡಬಾರದು, ಬದುಕಿರುವ ದನಗಳನ್ನು ಮುಟ್ಟಬಾರದು. ಮಣ್ಣು ಮುಚ್ಚಿ, ಸ್ನಾನ ಮಾಡಿ, ತಲೆಗೆ ಹಾಲು ಚಿಮುಕಿಸಿಕೊಂಡರೆ ಮುಗಿಯಿತು. ಬೆಳಿಗ್ಗೆ ಹಿಡಿದ ಸೂತಕ ಹೊತ್ತು ಮುಳುಗುವುದರೊಳಗೆ ಕಳೆದುಹೋಗುತ್ತಿತ್ತು. ಅಪ್ಪನ ಆಯುಷ್ಯದಲ್ಲಿ ಯಾವಾಗಲೂ ಹಾಗೇ ಆಗಿತ್ತು, ನೀವು ಬರುವವರೆಗೆ.

ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಲು ಜೆಸಿಬಿ ದಂಡೆ ಅಗೆಯುತ್ತಿದ್ದಾಗ ಆ ಮೂಳೆ ಕಂಡಿತು. ಎತ್ತಿನ ಗುಡ್ಡೆಯ ಬುಡದಲ್ಲೇ. ಆಳಿನ ತೊಡೆಗಿಂತ ದಪ್ಪ, ಒಬ್ಬರು ಎತ್ತಲಾರದಷ್ಟು ಭಾರ. ಅಪ್ಪ ಓಡಿಹೋಗಿ ಜೆಸಿಬಿಯ ಮುಂದೆ ಕೈ ಅಡ್ಡ ಹಿಡಿದು ನಿಂತ. "ನಿಲ್ಸಲೇ, ನಮ್ಮ ಎತ್ತು ಕಣ್ಲಾ ಅದು! ಹಿಂದ್ಲೋರು ಮಣ್ಣು ಮಾಡಿದ್ದು, ಮ್ಯಾಕೆ ಬಂದ್ಬುಟ್ಟೈತೆ" ಅಂದ. ಇಷ್ಟು ದೊಡ್ಡ ಎತ್ತು ಇರುತ್ತದೇನಪ್ಪ ಎಂದು ನಾನು ಕೇಳಿದ್ದಕ್ಕೆ, "ಆವಾಗ ಮೇವು ಹಂಗಿತ್ತು ಕಣಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದ. ಎಲ್ಲರೂ ಸೇರಿ ಅದನ್ನು ಬಾಳೆ ಎಲೆಯ ಮೇಲೆ ಇಳಿಸಿದರು. ಅಪ್ಪ ನೀರೆರೆದ, ಅರಿಶಿನ ಹಚ್ಚಿದ, ಎಣ್ಣೆ ಸವರಿದ, ದೀಪ ಹಚ್ಚಿಟ್ಟ. ನಾನು ಅಂಗಡಿಯಿಂದ ಬಿಳಿ ಬಟ್ಟೆ ತರಿಸಿ ಅಂಚು ಮಡಚಿ ಹೊಲಿದುಕೊಟ್ಟೆ. ಗುಂಡಿ ಸಿದ್ಧವಾಗಿತ್ತು, ಉರುಮೆಯವರನ್ನು ಕರೆಯಲು ಮಂದಿ ಹೋಗಿದ್ದರು.

ಅಷ್ಟರಲ್ಲಿ ಯಾರದೋ ಮೊಬೈಲಿನಿಂದ ಫೋಟೋ ಹಾರಿ ಟಿವಿಗೆ ಸೇರಿತು. ಪಾವಗಡದಲ್ಲಿ ಡೈನೋಸಾರ್ ಎಂದು ದಪ್ಪ ಅಕ್ಷರ. ಅದರ ಹಿಂದೆ ನಮ್ಮ ಕೋಟೆ ಬೆಟ್ಟ, ಬೆಟ್ಟದ ಮೇಲೆ ಗ್ರಾಫಿಕ್ಸಿನಲ್ಲಿ ಬಾಯಿ ತೆರೆದ ಡೈನೋಸಾರ್. ಮಡಕಶಿರಾ ಕಡೆಯಿಂದಲೂ ಶಿರಾ ಕಡೆಯಿಂದಲೂ ಆಟೋ ಮಾಡಿಕೊಂಡು ಜನ ಬಂದರು. ಚುರುಮುರಿ ಗಾಡಿಯವನೂ ಬಂದ. ಕೊನೆಗೆ ನಿಮ್ಮ ಜೀಪು ಬಂತು.

ಬಂದ ಅಧಿಕಾರಿ ಕೆಟ್ಟವರಲ್ಲ. ಅವರ ಹೆಸರು ಬರೆಯುವುದಿಲ್ಲ, ಅವರ ಮೇಲೆ ನನಗೆ ದ್ವೇಷವಿಲ್ಲ. ಎಣ್ಣೆ ಹಚ್ಚಿದ್ದನ್ನು ಕಂಡು ಹಣೆ ಚಚ್ಚಿಕೊಂಡು ಬೈದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, ಇಲ್ಲಿನ ಬಂಡೆಗಳು ಡೈನೋಸಾರ್ ಹುಟ್ಟುವುದಕ್ಕೂ ಎಷ್ಟೋ ಹಿಂದಿನವು, ಆ ಕಲ್ಲಿನಲ್ಲಿ ಅವುಗಳ ಮೂಳೆ ಸಿಗುವುದಕ್ಕೆ ಸಾಧ್ಯವೇ ಇಲ್ಲ, ಇದು ಹಳ್ಳದ ಮೆಕ್ಕಲುಮಣ್ಣಿನಲ್ಲಿ ಹೂತುಹೋದ, ಡೈನೋಸಾರ್‌ಗಳು ಅಳಿದು ಯುಗಗಳಾದ ಮೇಲಿನ ಬೇರೆ ಯಾವುದೋ ಪ್ರಾಣಿ ಎಂದು ನಮಗೆಲ್ಲ ತಿಳಿಸಿ ಹೇಳಿದರು. ಯಾವ ಪ್ರಾಣಿ ಎಂದು ತಿಳಿಯಬೇಕಾದರೆ ಪರೀಕ್ಷೆಯಾಗಬೇಕು ಎಂದರು. ವಿದ್ಯೆಯ ಮಾತು, ನಮಗೂ ಸರಿ ಅನ್ನಿಸಿತು. ಅಪ್ಪ ಮಾತ್ರ ಹಿಂದೆ ಮುಂದೆ ನೋಡಿದ.

"ಗುಂಡಿ ತೆಗ್ದೈತೆ ಸ್ವಾಮಿ. ಮಣ್ಣು ಮಾಡೋಕ್ ಮುಂಚೆ ತಗಂಡೋದ್ರೆ ನನ್ನ ಸೂತಕ ಕಳೀದೆ ಹಂಗೇ ಉಳ್ಕಂತದೆ. ದನ ಮುಟ್ಟಂಗಿಲ್ಲ ನಾನು."

"ಅಜ್ಜಾ, ಪರೀಕ್ಷೆ ಆದ ಕೂಡಲೇ ನಾನೇ ತಂದುಕೊಡ್ತೀನಿ. ಅಲ್ಲಿಯವರೆಗೆ ಸ್ವಲ್ಪ ತಡ್ಕೊಳ್ಳಿ."

"ನಿಮ್ಮ ಮಾತೇನಾ?"

"ನನ್ನ ಮಾತೇ."

ಅಪ್ಪ ಒಪ್ಪಿದ. ಹೊದಿಸಿದ ಬಟ್ಟೆ ಬಿಚ್ಚದೆ ಹಾಗೇ ನಾಲ್ಕು ಜನರ ಕೈಲಿ ಜೀಪಿಗೆ ಹತ್ತಿಸಿದ. ಗುಂಡಿ ಮುಚ್ಚಬೇಡಿ, ಬಂದ ತಕ್ಷಣ ಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳಿದ. ಆ ಅಧಿಕಾರಿಗೆ ಕೆಲವೇ ತಿಂಗಳಲ್ಲಿ ವರ್ಗವಾಯಿತು. ಅವರ ಮಾತೂ ಅವರ ಜೊತೆಗೇ ವರ್ಗವಾಗಿ ಹೋಯಿತು ಎಂದು ಆಮೇಲೆ ನಿಮ್ಮ ಕಚೇರಿಗೆ ಫೋನು ಮಾಡಿದಾಗ ಗೊತ್ತಾಯಿತು.

ಮಾನ್ಯರೇ, ಒಬ್ಬ ಕಿಲಾರಿ ರೊಪ್ಪದ ಹೊರಗೆ ಕೂರುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ? ಚಿಕ್ಕಪ್ಪನ ಮಗ ರಂಗೇಶ ದನ ಕಾಯಲು ನಿಂತ. ಅಪ್ಪ ಬೇಲಿಯಾಚೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡ. ದನ ಬಿಡುವ ಹೊತ್ತಿಗೆ ಎದ್ದು ದೂರ ಸರಿಯುತ್ತಿದ್ದ, ದನ ಕೂಡುವ ಹೊತ್ತಿಗೆ ಮತ್ತೆ ಬಂದು ಕೂರುತ್ತಿದ್ದ. ಅಲ್ಲಿಂದಲೇ ರಂಗೇಶನಿಗೆ, ಆ ಕಂದು ಹಸುವಿನ ಗೊರಸು ನೋಡು, ಈ ಕರುವಿಗೆ ಉಣ್ಣೆಹುಳ ಹತ್ತಿದೆ ನೋಡು ಎಂದು ಕೂಗಿ ಹೇಳುತ್ತಿದ್ದ. ಹಿಂಡಿನ ಮುಂದಾಳು ಎತ್ತಿಗೆ ಮುತ್ತಯ್ಯ ಅಂತ ಹೆಸರು. ತಾಯಿ ಸತ್ತ ಕರುವಾಗಿದ್ದ ಅದಕ್ಕೆ ಅಪ್ಪ ಬೆರಳಿನಿಂದ ಹಾಲು ಚೀಪಿಸಿ ಬದುಕಿಸಿದ್ದ. ಸಂಜೆಯಾದರೆ ಮುತ್ತಯ್ಯ ಬೇಲಿಯ ಹತ್ತಿರ ಬಂದು ಮುಳ್ಳಿನ ಸಂದಿಯಲ್ಲಿ ಮೂತಿ ತೂರಿಸಿ ನಾಲಿಗೆ ಚಾಚುತ್ತಿತ್ತು, ಅಪ್ಪನ ಕೈ ನೆಕ್ಕಲು. ಅಪ್ಪ ಕೈಯನ್ನು ಟವೆಲ್ಲಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ. "ಬ್ಯಾಡ ಕಣಪ್ಪ, ಮೈಲಿಗೆ ಐತೆ. ಇನ್ನೊಂದೀಟು ದಿನ" ಎಂದು ಸಮಾಧಾನ ಹೇಳುತ್ತಿದ್ದ. ಅದಕ್ಕೇನು ಗೊತ್ತು? ಮುಳ್ಳು ಚುಚ್ಚಿ ಮೂತಿಯಲ್ಲಿ ರಕ್ತ ಬಂದರೂ ಅಲ್ಲೇ ನಿಲ್ಲುತ್ತಿತ್ತು. ನನಗೆ ಆ ಹೊತ್ತಿಗೆ ಅಲ್ಲಿರಲು ಆಗುತ್ತಿರಲಿಲ್ಲ. ಮಿಷನ್ನಿನ ಕೆಲಸ ಇದೆ ಎಂದು ನೆಪ ಹೇಳಿ ಬಸ್ಸು ಹತ್ತುತ್ತಿದ್ದೆ.

ಇಷ್ಟೆಲ್ಲ ಓದಿ ನೀವು, ಮೂಢನಂಬಿಕೆ, ಬಿಟ್ಟುಬಿಟ್ಟರೆ ಆಗುತ್ತಿತ್ತು ಎನ್ನಬಹುದು. ಬಿಡಿಸಲು ನಾವೂ ನೋಡಿದೆವು. ನಮ್ಮ ಕುಲದ ನ್ಯಾಯ ಹೇಳುವ ಕಟ್ಟೆಮನೆಯ ಹಿರಿಯ ಚಿಕ್ಕರಂಗಯ್ಯನವರೇ ಬಂದು, "ಪೋನೀಲೇ, ಹೋಗ್ಲಿ ಬುಡು ಬೊಮ್ಮಪ್ಪಾ, ಆ ಗುಂಡಿಗೆ ಒಂದು ಕಲ್ಲಿಕ್ಕಿ ಮಣ್ಣು ಎಳಿ. ಸೂತಕ ಕಳೀತು ಅಂತ ನಾನೇ ಅಂತೀನಿ, ಯಾರು ಕೇಳ್ತಾರೆ?" ಅಂದರು. ಅಪ್ಪ ಹೇಳಿದ್ದು ಇಷ್ಟು: "ಯಾರೂ ಕೇಳಕಿಲ್ಲ ಗೌಡ. ಅದು ಅಲ್ಲಿ ಬಯಲಾಗೆ ಬಿದ್ದಿರೋವಾಗ ಇಲ್ಲಿ ಕಲ್ಲು ಮುಚ್ಚಿದ್ರೆ ನಾನೇ ಕೇಳ್ಕಬೇಕಾಯ್ತದೆ." ಚಿಕ್ಕರಂಗಯ್ಯನವರು ಮತ್ತೆ ಆ ಮಾತು ಎತ್ತಲಿಲ್ಲ. ದಯವಿಟ್ಟು ಹೇಳಿ, ತಾನು ಮಾಡಬೇಕಾದ ಕೆಲಸ ಮುಗಿದಿಲ್ಲವೆಂದು ಒಬ್ಬ ಮನುಷ್ಯ ತನ್ನ ಹಕ್ಕನ್ನೇ ಬಿಟ್ಟು ಹೊರಗೆ ಕೂತರೆ ಅದಕ್ಕೆ ಮೂಢನಂಬಿಕೆ ಅನ್ನಬೇಕೋ, ಅಥವಾ ನಿಮ್ಮ ಕಚೇರಿಯಲ್ಲಿ ಚಾಲ್ತಿಯಲ್ಲಿಲ್ಲದ ಬೇರೆ ಯಾವುದಾದರೂ ಪದ ಇದೆಯೋ?

ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದ. ಮೂಳೆ ಕೊಡದಿದ್ದರೆ ಬೇಡ, ಅವರಲ್ಲೇ ಇರಲಿ, ಎತ್ತಿನ ಗುಡ್ಡೆಯ ಒಂದು ಹಿಡಿ ಮಣ್ಣು ಅದರ ಮೇಲೆ ಬಿದ್ದರೆ ಸಾಕು ಎಂದ. ಚಿಕ್ಕರಂಗಯ್ಯನವರು ಇದಕ್ಕೆ ಒಪ್ಪಿದರು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಅಪ್ಪ ತಾನೇ ಮಣ್ಣು ತುಂಬಿಕೊಂಡ, ಕಲ್ಲು ಕಡ್ಡಿ ಇಲ್ಲದ ಹಾಗೆ ಜರಡಿ ಹಿಡಿದು. ಇಬ್ಬರೂ ಬಸ್ಸು ಹತ್ತಿ ಮಧುಗಿರಿ, ಕೊರಟಗೆರೆ ದಾಟಿ, ಅಲ್ಲಿಂದ ಮುಂದೆ ನಿಮ್ಮ ಊರಿಗೆ ಬಂದೆವು. ದಾರಿಯುದ್ದಕ್ಕೂ ಡಬ್ಬಿಯನ್ನು ಅಪ್ಪ ತೊಡೆಯ ಮೇಲಿಟ್ಟುಕೊಂಡಿದ್ದ. ಕಂಡಕ್ಟರು, ಅಜ್ಜಾ ಅದರಲ್ಲೇನು ಎಂದು ಕೇಳಿದ್ದಕ್ಕೆ, ಸತ್ತೋರ ಮನೆಗೆ ಹೋಗ್ತಾ ಇದೀವಿ ಎಂದಷ್ಟೇ ಹೇಳಿದ.

ನಿಮ್ಮ ಸಂಗ್ರಹಾಲಯ ಚೆನ್ನಾಗಿದೆ. ಸುಳ್ಳು ಹೇಳುವುದಿಲ್ಲ. ಒಳಗೆ ಹೋಗುತ್ತಲೇ ಸೂರು ಮುಟ್ಟುವ ಡೈನೋಸಾರ್. ಕಣ್ಣಲ್ಲಿ ಕೆಂಪು ಬಲ್ಬು, ಆಗಾಗ ಗರ್ಜನೆ, ಬಾಲವೂ ಅಲ್ಲಾಡುತ್ತದೆ. ಮೊದಲ ಗರ್ಜನೆಗೆ ಅಪ್ಪ ಬೆಚ್ಚಿ ಡಬ್ಬಿಯನ್ನು ಎದೆಗೆ ಅವುಚಿಕೊಂಡ. ಆಮೇಲೆ ಹತ್ತಿರ ಹೋಗಿ, ದನದ ವ್ಯಾಪಾರಕ್ಕೆ ಬಂದವನಂತೆ ಅದರ ಕಾಲು, ಪಕ್ಕೆ ಎಲ್ಲ ನೋಡಿ, ಅಲ್ಲಿದ್ದ ಗೈಡನ್ನು ಕೇಳಿದ, "ಇದ್ರ ಮೂಳೆ ಎಲ್ಲೈತಪ್ಪ?"

"ಇದಕ್ಕೆ ಮೂಳೆ ಇಲ್ಲ ಅಜ್ಜ, ಫೈಬರ್ ಬೊಂಬೆ."

"ಮತ್ತೆ ಮೂಳೆ ಇರೋದನ್ನ ಎಲ್ಲಿಕ್ಕಿದೀರಾ?"

ಗೈಡು ನಕ್ಕ. ನನಗೆ ನಗು ಬರಲಿಲ್ಲ. ಬೊಂಬೆಗೆ ಅಷ್ಟೆತ್ತರದ ಹಜಾರ, ಎಸಿ, ಒರೆಸುವುದಕ್ಕೆ ಆಳು. ನಿಜವಾಗಿ ಈ ನೆಲದ ಮೇಲೆ ಓಡಾಡಿ, ಹುಲ್ಲು ತಿಂದು, ನೀರು ಕುಡಿದು ಸತ್ತ ಪ್ರಾಣಿಗೆ ಮೆಟ್ಟಿಲ ಕೆಳಗಿನ ಕತ್ತಲೆ. ಮಕ್ಕಳಿಗೆ ವಿಜ್ಞಾನ ಕಲಿಸುವ ವಿಧಾನ ಇದೇ ಇರಬೇಕು, ನನಗೆ ತಿಳಿಯದು.

ನಿಮ್ಮ ಕೋಣೆಯ ಬಾಗಿಲು ಮುಚ್ಚಿತ್ತು, ಮೀಟಿಂಗ್ ಎಂದರು. ಹಳೆಯ ಅಧಿಕಾರಿಯ ಜಾಗಕ್ಕೆ ಬಂದವರು ನಮ್ಮನ್ನು ಕೂರಿಸಿ ಮಾತಾಡಿದರು. ಅದು ಎತ್ತಲ್ಲ, ಆನೆಯ ಜಾತಿಗೆ ಸೇರಿದ, ಈಗ ವಂಶವೇ ಅಳಿದುಹೋಗಿರುವ ಒಂದು ಪ್ರಾಣಿಯ ಕಾಲಿನ ಮೂಳೆ, ನಿಮ್ಮ ಸೀಮೆಯಲ್ಲಿ ದನ ಸಾಕುವವರು ಬರುವುದಕ್ಕೆ ಸಾವಿರಾರು ವರ್ಷ ಮುಂಚೆ ಸತ್ತದ್ದು, ಹಾಗಾಗಿ ನಿಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ನಿಶ್ಚಿಂತೆಯಾಗಿ ಮನೆಗೆ ಹೋಗಿ ಅಂದರು. ನನಗೆ ಒಂದು ಗಳಿಗೆ ಜೀವ ಬಂದಂತಾಯಿತು. ಎತ್ತಲ್ಲದಿದ್ದರೆ ಸೂತಕವೂ ಇಲ್ಲವಲ್ಲ! ಅಪ್ಪನ ಮುಖ ನೋಡಿದೆ. ಅವನು ಯೋಚನೆಗೆ ಬಿದ್ದಿದ್ದ.

"ಅಂದ್ರೆ ಅದು ಸತ್ತಾಗ ಅದ್ರದ್ದು ಅಂತ ಯಾರೂ ಇರ್ಲಿಲ್ಲ" ಅಂದ.

"ಇರಲಿಲ್ಲ ಅಜ್ಜ. ಕಾಡುಪ್ರಾಣಿ."

"ಎತ್ತಾಗಿದ್ರೆ ನಮ್ಮ ಹಿಂದ್ಲೋರು ಒಂದ್ಸಲ ಆದ್ರೂ ಮಣ್ಣು ಮಾಡಿರೋರು. ಇದು ಪರದೇಸಿ ಸತ್ತೈತೆ. ಹಳ್ಳ ಮುಚ್ಚಿದ್ದೇ ಮುಚ್ಚಿದ್ದು. ನಾನು ನೀರೆರೆದು ಬಟ್ಟೆ ಹೊದ್ಸಿದ ಮ್ಯಾಲೆ ನಮ್ದೇ ಅಲ್ವಾ ಸ್ವಾಮಿ? ಎತ್ತಿಗಿಂತ ಮೊದ್ಲು ಇದ್ಕೆ ಇಕ್ಕಬೇಕು ಮಣ್ಣ."

ಮಾನ್ಯರೇ, ನನ್ನ ಅಪ್ಪ ಅಕ್ಷರ ಕಲಿತವನಲ್ಲ. ಅದು ಎತ್ತು ಎಂದುಕೊಂಡದ್ದು ಅವನ ತಪ್ಪೇ, ನಿಮ್ಮ ಪರೀಕ್ಷೆಯೇ ಸರಿ. ಆದರೆ ತಪ್ಪು ತಿಳಿದ ಕ್ಷಣದಲ್ಲಿ ಬಿಡುಗಡೆಯ ಬಾಗಿಲು ತೆರೆದಿದ್ದರೂ ಅವನು ಹೊರಗೆ ಬರಲಿಲ್ಲ. ಅಲ್ಲೇ ನನಗೆ ಅಳು ಬಂತು. ನಿಮ್ಮ ಅಧಿಕಾರಿ ನೀರಿನ ಲೋಟ ನನ್ನ ಕಡೆ ಸರಿಸಿದರು. ಆಮೇಲೆ ನಿಯಮ ನೆನಪಾಯಿತು. ಹೊರಗಿನ ಮಣ್ಣು ತಾಗಿದರೆ ಮಾದರಿ ಹಾಳಾಗುತ್ತದೆ ಎಂದರು. ಮೂಳೆಯ ಮೇಲೆ ಬೇಡ, ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಕಿ ಒರೆಸಿಬಿಡುತ್ತೇವೆ ಎಂದು ನಾನು ಬೇಡಿದೆ. ಅದಕ್ಕೂ ಮೇಲಿನವರ ಅನುಮತಿ ಬೇಕು ಎಂದರು. ಮೇಲಿನವರು ಅಂದರೆ ನೀವು. ಸಾವಿರಾರು ವರ್ಷ ಅದೇ ಹಳ್ಳದ ಮಣ್ಣಿನಲ್ಲಿ ಮಲಗಿ ಹಾಳಾಗದೆ ಉಳಿದದ್ದು ಒಂದು ಹಿಡಿ ಮಣ್ಣಿಗೆ ಹಾಳಾಗುತ್ತದೆಯೇ? ಹೋಗಲಿ, ಆಗುತ್ತದೆ ಎಂದೇ ಇಟ್ಟುಕೊಳ್ಳೋಣ. ಅಷ್ಟು ನಾಜೂಕಿನ ವಸ್ತುವಿನ ಮೇಲೆ ಮುರಿದ ಕುರ್ಚಿ ಇಟ್ಟವರು ಯಾರು?

ಹೌದು, ಕುರ್ಚಿ. ನಿಮ್ಮಲ್ಲಿ ಕಸ ಗುಡಿಸುವ ಒಬ್ಬ ಹೆಣ್ಣುಮಗಳು ನಮ್ಮನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಗ್ರಿಲ್ಲಿನ ಆಚೆಯಿಂದ ಪೆಟ್ಟಿಗೆ ತೋರಿಸಿದಳು. ಅವಳು ಯಾರೆಂದು ಹೇಳುವುದಿಲ್ಲ. ಈ ಪತ್ರ ಓದಿ ನೀವು ಮೊದಲು ಮಾಡುವ ಕೆಲಸ ಅವಳಿಗೆ ನೋಟಿಸು ಕೊಡುವುದೇ ಆಗಿರುತ್ತದೆ. ಪೆಟ್ಟಿಗೆಯ ಸಂದಿಯಿಂದ ನಾನು ಹೊಲಿದ ಬಿಳಿ ಬಟ್ಟೆಯ ಅಂಚು ಕಾಣುತ್ತಿತ್ತು, ಮಾಸಿ ಹೋಗಿತ್ತು. ಅಪ್ಪ ಗ್ರಿಲ್ಲಿನ ಮುಂದೆ ಚಪ್ಪಲಿ ಬಿಟ್ಟು ನೆಲಕ್ಕೆ ಹಣೆ ಹಚ್ಚಿದ. ಎದ್ದವನು, "ಅವ್ವಾ, ಆ ಕುರ್ಚಿ ಒಂದು ತೆಗ್ದಾಕ್ತೀಯಾ? ಭಾರ ಆಯ್ತದೆ ಅದ್ಕೆ" ಎಂದು ಕೇಳಿದ. ಅವಳು ಬೀಗ ತೆಗೆದು ಕುರ್ಚಿ ಎತ್ತಿಟ್ಟಳು, ಸೆರಗಿನಿಂದ ಮುಚ್ಚಳದ ಧೂಳು ಒರೆಸಿದಳು. ಬೀಗ ತೆಗೆದೇ ಇತ್ತು. ನಾನು ಡಬ್ಬಿಗೆ ಕೈ ಹಾಕಿದೆ, ಒಂದು ಹಿಡಿ ಎರಚಿದ್ದರೆ ಮುಗಿಯುತ್ತಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡ. "ಕದ್ದು ಇಕ್ಕೋ ಮಣ್ಣಲ್ಲ ಕಣಮ್ಮ ಇದು. ಈ ತಾಯಿ ಕೆಲ್ಸಕ್ಕೂ ಸಂಚಕಾರ" ಅಂದ. ತಂದ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ವಾಪಸ್ ಬಂದೆವು.

ಆಮೇಲೆ ಅಪ್ಪ ಬೇವಿನ ಮರದ ಕೆಳಗಿಂದ ಹೆಚ್ಚು ಏಳಲಿಲ್ಲ. ರಂಗೇಶನಿಗೆ ಕೂಗಿ ಹೇಳುವುದನ್ನೂ ಕಡಿಮೆ ಮಾಡಿದ. ಊಟ ಒಗ್ಗಲಿಲ್ಲ. ಪಾವಗಡದ ಡಾಕ್ಟರು ವಯಸ್ಸು ಎಂದರು. ವಯಸ್ಸೇ ಇರಬಹುದು. ಅವನ ಸಾವನ್ನು ನಿಮ್ಮ ತಲೆಗೆ ಕಟ್ಟಲು ನಾನು ಬರೆಯುತ್ತಿಲ್ಲ, ಎಲ್ಲರ ಅಪ್ಪಂದಿರೂ ಸಾಯುತ್ತಾರೆ. ಆದರೆ ಎಲ್ಲಿ ಸತ್ತ ಎಂಬುದು ನಿಮಗೆ ತಿಳಿದಿರಬೇಕು. ಈ ಬೇಸಿಗೆಯಲ್ಲಿ, ಬೇಲಿಯ ಹೊರಗೆ ಸತ್ತ. ಹುಟ್ಟಿನಿಂದ ಆ ರೊಪ್ಪದೊಳಗೆ ಬೆಳೆದವನು ರೊಪ್ಪದ ಬಾಗಿಲು ನೋಡುತ್ತ ಹೊರಗೆ ಸತ್ತ.

ಕಿಲಾರಿ ಸತ್ತರೆ ಅವನ ಹೆಣವನ್ನು ರೊಪ್ಪದ ಮುಂದೆ ಇಳಿಸುತ್ತೇವೆ. ಮುಂದಾಳು ಎತ್ತನ್ನು ಕರೆತಂದು ಅವನ ಪಾದದ ಹತ್ತಿರ ನಿಲ್ಲಿಸುತ್ತೇವೆ. ಅದು ಮೂಸಿ ನೋಡಿದರೆ ಅವನ ಋಣ ತೀರಿತು ಎಂದು ಅರ್ಥ. ಅಪ್ಪನಿಗೆ ಅದು ದಕ್ಕಲಿಲ್ಲ, ಸೂತಕದಲ್ಲಿದ್ದವನು. ನನ್ನ ಪಾಲಿಗೆ ಆಗಿದ್ದಾಗಲಿ, ಮುತ್ತಯ್ಯನನ್ನು ಬಿಡಿ ಎಂದು ನಾನು ಕೂಗಾಡಿದೆ. ಚಿಕ್ಕರಂಗಯ್ಯನವರು ನನ್ನ ತಲೆಯ ಮೇಲೆ ಕೈಯಿಟ್ಟು, "ನಾವು ಬುಡ್ಬೋದು ಕಣಮ್ಮ. ಅವನೇ ಒಪ್ಪಕಿಲ್ಲ" ಅಂದರು. ಅದು ನಿಜವಾಗಿತ್ತು. ರಂಗೇಶ ಹಿಂಡನ್ನು ಗುಡ್ಡದ ಆಚೆ ಹೊಡೆದುಕೊಂಡು ಹೋದ. ಅಪ್ಪನನ್ನು ಗುಂಡಿಗೆ ಇಳಿಸುವಾಗ ಗುಡ್ಡದ ಆಚೆಯಿಂದ ಒಂದೇ ಸಮನೆ ಕೂಗು ಕೇಳುತ್ತಿತ್ತು. ಮುತ್ತಯ್ಯನ ಕೂಗು ನನಗೆ ಗೊತ್ತು.

ಮಣ್ಣು ಹಾಕುವ ಹೊತ್ತಿಗೆ ನಾನು ಆ ಬಿಸ್ಕತ್ತಿನ ಡಬ್ಬಿಯನ್ನು ತಂದಿದ್ದೆ. ಅಪ್ಪ ತಾನೇ ಜರಡಿ ಹಿಡಿದ ಮಣ್ಣು, ಅವನಿಗೇ ಸಲ್ಲಲಿ ಎಂದುಕೊಂಡೆ. ಮುಚ್ಚಳ ತೆಗೆದ ಮೇಲೆ ಅವನು ಸಾಯುವ ಮುಂಚೆ ಹೇಳಿದ್ದ ಮಾತು ಕೈ ಹಿಡಿಯಿತು. "ಸಸಿರೇಕಾ, ನನ್ ಮ್ಯಾಲೆ ಯಾವ ಮಣ್ಣಾದ್ರೂ ನಡೀತದೆ. ಡಬ್ಬಿಗೆ ಕೈ ಇಕ್ಕಬ್ಯಾಡ. ಅದು ಅದ್ರದ್ದು." ಮುಚ್ಚಳ ಮುಚ್ಚಿದೆ. ಅಪ್ಪನ ಮೇಲೆ ಬೇರೆ ಮಣ್ಣು ಹಾಕಿದೆ.

ಅಪ್ಪನ ಸೂತಕ ಈಗ ನನ್ನದು. ಹಾಗೆಂದು ಯಾರೂ ಹೇಳಲಿಲ್ಲ, ಹೆಣ್ಣುಮಗಳಿಗೆ ಇದೆಲ್ಲ ಇಲ್ಲ ಎಂದೇ ಹೇಳಿದರು. ಬಟ್ಟೆ ಹೊಲಿದವಳು ನಾನು, ಡಬ್ಬಿ ಇರುವುದು ನನ್ನ ಹತ್ತಿರ, ಹಾಗಾಗಿ ನಾನೇ ಹೊತ್ತುಕೊಂಡೆ. ನಮ್ಮ ಲೆಕ್ಕದ ಪ್ರಕಾರ ತಮಗೂ ಇದೆ ಮಾನ್ಯರೇ. ಮಣ್ಣು ಕಾಣದ್ದನ್ನು ಮನೆಯಲ್ಲಿ ಇಟ್ಟುಕೊಂಡವರು ನೀವು, ಇಷ್ಟು ವರ್ಷದಿಂದ ಸೂತಕದಲ್ಲೇ ಫೈಲು ಮುಟ್ಟುತ್ತಿದ್ದೀರಿ, ಸೂತಕದಲ್ಲೇ ಉದ್ಘಾಟನೆಗೆ ದೀಪ ಹಚ್ಚುತ್ತಿದ್ದೀರಿ. ಇದರಿಂದ ನಿಮಗೇನೂ ಆಗುವುದಿಲ್ಲ, ಹೆದರಬೇಡಿ. ಇದು ಗೊತ್ತಿದ್ದವರಿಗೆ ಮಾತ್ರ ತಟ್ಟುತ್ತದೆ.

ನಾನು ಮೂಳೆ ವಾಪಸ್ ಕೇಳುತ್ತಿಲ್ಲ. ನಿಮಗೆ ಅದರಿಂದ ಕಲಿಯುವುದು ಇದ್ದರೆ ಕಲಿಯಿರಿ, ನಾಲ್ಕು ಮಕ್ಕಳಿಗೆ ತೋರಿಸಿ. ಪರಿಹಾರವೂ ಬೇಡ, ಬೋರ್ಡಿನಲ್ಲಿ ಅಪ್ಪನ ಹೆಸರೂ ಬೇಡ. ಬೀಗ ತೆಗೆಸಿ, ಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲು ಬಿಡಿ. ಕದ್ದು ಬರುವುದಿಲ್ಲ, ಅಪ್ಪ ಬೇಡ ಅಂದಿದ್ದಾನೆ. ನೀವೇ ಅನುಮತಿ ಕೊಡಬೇಕು, ಆಗ ಮುಚ್ಚಳದ ಮೇಲೆ ಈ ಒಂದು ಹಿಡಿ ಮಣ್ಣು ಹಾಕುತ್ತೇನೆ. ಆಮೇಲೆ ನಾನೇ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಳಷ್ಟೂ ಉಳಿಯದ ಹಾಗೆ ಮಾಡಿ ಬರುತ್ತೇನೆ.

ಅಲ್ಲಿಂದ ನೇರ ಊರಿಗೆ ಹೋಗಬೇಕು. ಮುತ್ತಯ್ಯ ಈಗಲೂ ಸಂಜೆ ಅದೇ ಜಾಗಕ್ಕೆ ಬಂದು ಬೇಲಿಯ ಸಂದಿಯಲ್ಲಿ ಮೂತಿ ತೂರಿಸುತ್ತದೆ. ನಾನು ಹೋದ ದಿನ ನನ್ನ ಕೈಗೂ ನಾಲಿಗೆ ಚಾಚುತ್ತದೆ, ಅಪ್ಪನ ವಾಸನೆ ಇರಬೇಕು. ನಾನೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತೇನೆ. ಎತ್ತಿಗೂ ವಯಸ್ಸಾಗಿದೆ, ಮಾನ್ಯರೇ. ಅದಾದರೂ ಕಾದು ಕಾದು ಸಾಯುವ ಮೊದಲು ಬಾಗಿಲು ತೆಗೆಯಿರಿ.

ಇಂತಿ ತಮ್ಮ ವಿಧೇಯಳು ಎಂದು ಬರೆಯಲು ಕೈ ಒಪ್ಪುತ್ತಿಲ್ಲ,
ಇಂತಿ, ಒಂದು ಡಬ್ಬಿ ಮಣ್ಣು ಹಿಡಿದುಕೊಂಡು ಬೇಲಿಯ ಹೊರಗೆ ನಿಂತಿರುವ
ಶಶಿರೇಖಾ
ಕಿಲಾರಿ ಬೊಮ್ಮಪ್ಪನ ಮಗಳು, ಪಾವಗಡ